ಖಯಾಲ್‌ಗೂ ಸಾಥ್, ಕಳ್ಳನಿಗೂ ಸಾಥ್

ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ತಬಲಾ ಮಾಸ್ತರರಿದ್ದಾರೆ. ಅವತ್ತು ಬೆಳಿಗ್ಗೆ ಪೇಪರ್ ಹಿಡಿದು ನಮ್ಮ ಕಟ್ಟೆಗೆ ಬಂದರು. ಮುಖ ಸಣ್ಣದಾಗಿತ್ತು. "ಇದನ್ನ ಓದ್ರಿ" ಅಂತ ಬೆರಳಿಟ್ಟು ತೋರಿಸಿದರು. ‘ಗಂಡನ ಕೊಲೆಗೆ ಸಂಚು: ಪ್ರಿಯಕರ ಸಾಥ್.’

"ನಲವತ್ತು ವರ್ಷ ಸಾಥ್ ಮಾಡೇನ್ರಿ. ಒಂದ್ ದಿನಾನೂ ಪೊಲೀಸ್ರು ಮನೀಗೆ ಬಂದಿಲ್ಲ."

ಅವರ ಸಂಕಟ ನಿಜ. ಹಿಂದಿಯಲ್ಲಿ ಸಾಥ್ ಅಂದರೆ ಜೊತೆ, ಅಷ್ಟೇ. ಖಯಾಲ್ ಹಾಡುವ ಹಿಂದೂಸ್ತಾನಿ ಸಂಗೀತದ ಬೈಠಕ್‌ನಲ್ಲಿ ಅದಕ್ಕೊಂದು ಮಾನವಿದೆ. ಮೈಸೂರು ಕಡೆಯ ಪಕ್ಕವಾದ್ಯ ನಮಗೆ ಸಾಥ್. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಇದ್ದ ಊರು ಇದು. ಇಲ್ಲಿ ಸಂಗೀತದ ವರದಿಯ ಕೊನೆ ಸಾಲು ಎಲ್ಲರಿಗೂ ಬಾಯಿಪಾಠ: ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು ಸಾಥ್ ನೀಡಿದರು. ಅದೇನು ಸುಲಭದ ಕೆಲಸವೇ? ವಿಲಂಬಿತ, ಅಂದರೆ ನಿಧಾನ ಗತಿಯ ಏಕತಾಳದಲ್ಲಿ ಇರುವುದು ಹನ್ನೆರಡೇ ಮಾತ್ರೆ, ಹನ್ನೆರಡೇ ಎಣಿಕೆ. ಆದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ. ಗಾಯಕರು ಎಲ್ಲಿ ಸುತ್ತಾಡಿದರೂ ಮಾಸ್ತರರು ಠೇಕಾ, ಅಂದರೆ ತಾಳದ ಬಡಿತ, ಬಿಡುವಂತಿಲ್ಲ. ಗಾಯಕರು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಮರಳಿದಾಗ ಬಾಗಿಲು ತೆಗೆದುಕೊಂಡು ನಿಂತಿರಬೇಕು.

ಹಾರ್ಮೋನಿಯಂನವರು ಇನ್ನೂ ಜಾಸ್ತಿ ಕಂಡವರು. 1940ರಲ್ಲಿ ರೇಡಿಯೋದವರು ಅವರ ಪೆಟ್ಟಿಗೆಯನ್ನೇ ಹೊರಗಿಟ್ಟರು. ಮತ್ತೆ ಒಳಗೆ ಬರಲು ಮೂವತ್ತು ವರ್ಷ ಹಿಡಿಯಿತು. ಆಗಲೂ ಅದರ ಮೇಲಿದ್ದ ಆರೋಪ ಸ್ವರದ್ದು, ಕೊಲೆಯದ್ದಲ್ಲ.

ಪೇಪರಿನ ಸಾಥ್‌ಗೆ ತಾಲೀಮು ಬೇಡ. ಧರಣಿ ಕೂತ ರೈತರಿಗೆ ಸ್ವಾಮೀಜಿ ಸಾಥ್. ಸ್ವಾಮೀಜಿಗೆ ಶಾಸಕರ ಸಾಥ್. ಶಾಸಕರು ಹತ್ತು ನಿಮಿಷ ಕೂತು, ಫೋಟೊ ತೆಗೆಸಿಕೊಂಡು, ಸಮ್ ಬರುವ ಮೊದಲೇ ಕಾರು ಹತ್ತಿರುತ್ತಾರೆ. ಮಳೆಗೆ ಗಾಳಿ ಸಾಥ್. ಈರುಳ್ಳಿ ಬೆಲೆ ಏರಿದರೆ ಟೊಮೆಟೊ ಸಾಥ್. ಮದುವೆಯಲ್ಲಿ ಕುಣಿದ ವಧುವಿಗೆ ವರನ ಸಾಥ್. (ಅದೂ ವಿಡಿಯೊ ಮುಗಿಯುವ ತನಕ.)

ನಮ್ಮಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತುಗಳಿದ್ದವು ಅಲ್ವಾ? ಕಷ್ಟಕ್ಕೆ ಹೆಗಲು, ಒಳ್ಳೆಯದಕ್ಕೆ ಒತ್ತಾಸೆ, ಲಂಚಕ್ಕೆ ಶಾಮೀಲು, ಕೆಟ್ಟ ಕೆಲಸಕ್ಕೆ ಕುಮ್ಮಕ್ಕು. ಕುಮ್ಮಕ್ಕು ಅಂದ ಕೂಡಲೇ ಆಸಾಮಿ ಸರಿಯಿಲ್ಲ ಅಂತ ಗೊತ್ತಾಗುತ್ತಿತ್ತು. ಸಾಥ್ ಅಂದರೆ ಕಳ್ಳನೂ ಕಲಾವಿದನೇ. ಪೊಲೀಸರಾದರೂ ಎಫ್‌ಐಆರ್‌ನಲ್ಲಿ ಹಳೆಯ ದಂಡ ಸಂಹಿತೆಯ 34ನೇ ಕಲಂ, ಸಮಾನ ಉದ್ದೇಶ ಅಂತ ಬರೆಯುತ್ತಿದ್ದರು. 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದು ಕಲಂ ನಂಬರ್ ಬದಲಾಯಿತು. ಹೆಡ್ಡಿಂಗ್‌ನ ಸಾಥ್ ಮಾತ್ರ ಅಲುಗಾಡಲಿಲ್ಲ.

ಪತ್ರಿಕೆಯ ಡೆಸ್ಕ್‌ನಲ್ಲಿರುವ ಗೆಳೆಯನನ್ನು ಕೇಳಿದೆ. "ಸಿಂಗಲ್ ಕಾಲಂ ಹೆಡ್ಡಿಂಗು. ಎರಡಕ್ಷರದಲ್ಲಿ ಕೆಲಸ ಮುಗಿಯುತ್ತೆ. ನಿನ್ನ ಕುಮ್ಮಕ್ಕಿಗೆ ಎರಡೆರಡು ಒತ್ತು, ಕೆಳಗಿನ ಸಾಲಿಗೆ ತಾಗುತ್ತೆ" ಅಂದ. ಅದೂ ಸರಿಯೇ. ಅವನಿಗಿರುವ ಭಯ ಒಂದೇ. ‘ಥ’ ಹೋಗಿ ‘ತ’ ಬಿದ್ದರೆ ಹಿಂದಿಯಲ್ಲಿ ಅದು ಏಳು. ‘ಕಳ್ಳನಿಗೆ ಪತ್ನಿ ಸಾತ್’ ಅಂತ ಅಚ್ಚಾದರೆ, ಪಾಪ, ಅವನಿಗೆ ಏಳು ಹೆಂಡಿರು.

ಮುಂದಿನ ವಾರ ಮಾಸ್ತರರದ್ದೇ ಒಂದು ಬೈಠಕ್ ಇತ್ತು. ಮೂರು ತಾಸು ಬಾರಿಸಿದರು. ಮರುದಿನ ಕಟ್ಟೆಯ ಮೇಲೆ ಕೂತು ಇಬ್ಬರೂ ವರದಿ ಹುಡುಕಿದೆವು. ಮುಖ್ಯ ಅತಿಥಿಯ ಭಾಷಣಕ್ಕೆ ಎರಡು ಪ್ಯಾರಾ. ಗಾಯಕರಿಗೆ ಅರ್ಧ ಸಾಲು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಕೊನೆ ಸಾಲನ್ನು ಗಟ್ಟಿಯಾಗಿ ಓದಿದರು: ‘ತಬಲಾ, ಹಾರ್ಮೋನಿಯಂ ಮತ್ತಿತರರು ಉಪಸ್ಥಿತರಿದ್ದರು.’