ಬಟನ್ ಕಂಡುಹಿಡಿದವರಿಗೆ ಸನ್ಮಾನ

ಕೊನೆಗೂ ಬಟನ್‌ಗೆ ಒಳ್ಳೆ ಕಾಲ ಬಂತು. ಕಾರುಗಳನ್ನು ಗುದ್ದಿಸಿ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರ ಹೊಸ ನಿಯಮದಲ್ಲಿ ಇಂಡಿಕೇಟರ್, ಹಾರ್ನ್, ವೈಪರ್‌ಗಳಿಗೆ ನಿಜವಾದ ಬಟನ್ ಇಟ್ಟರೆ ಮಾರ್ಕ್ಸ್ ಕೊಡ್ತಾರಂತೆ. ಎಂಥ ದೂರದೃಷ್ಟಿ! ಮಳೆ ಸುರಿಯುವಾಗ ವೈಪರ್‌ಗಾಗಿ ಟಚ್‌ಸ್ಕ್ರೀನಿನ ಮೆನುವಿನೊಳಗೆ ತಡಕಾಡಬಾರದು ಅಂತ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಎಷ್ಟೋ ಕಾರುಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಸ್ಕ್ರೀನ್ ಉಪದೇಶ ಮಾಡುತ್ತದೆ: ಓಡಿಸುವಾಗ ನನ್ನನ್ನು ನೋಡಬೇಡಿ. ಆಯ್ತಪ್ಪ ಅಂತ ಅದನ್ನೇ ನೋಡಿ ಒತ್ತಬೇಕು. ಒತ್ತಿದರೆ ಕಂಪನಿಯ ಪಾಪ ತೊಳೆದುಹೋಯಿತು. ರಸ್ತೆ ಬದಿಯ ಎಲ್‌ಇಡಿ ಬೋರ್ಡಿನದೂ ಇದೇ ಕಥೆ. ‘ಗಮನ ರಸ್ತೆ ಮೇಲಿರಲಿ’ ಎಂದು ಮಿನುಗುತ್ತದೆ, ಮರುಕ್ಷಣ ಹೊಸ ಫೋನಿನ ಜಾಹೀರಾತು.

ಓಡಿಸುವವರ ಲೆಕ್ಕ ಇನ್ನೂ ಚೆನ್ನ. ‘ಊರೊಳಗೆ ಮೊಬೈಲ್ ಮುಟ್ಟಲ್ಲ ಸಾರ್. ಹೈವೇಯಲ್ಲಿ ಮಾತ್ರ, ನೇರ ರಸ್ತೆ ಅಲ್ವಾ!’ ನೇರವೇ, ಒಪ್ಪಿದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಮೆಸೇಜಿಗೆ ಐದು ಸೆಕೆಂಡ್ ಕೊಟ್ಟರೆ 125 ಮೀಟರ್ ಕಣ್ಣುಮುಚ್ಚಾಲೆ. ಅಷ್ಟರಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿರುತ್ತದೆ. ಊರೊಳಗೆ 30ರ ವೇಗದಲ್ಲಿ ಅದೇ ಐದು ಸೆಕೆಂಡಿಗೆ ಸುಮಾರು 42 ಮೀಟರ್. ಕಮ್ಮಿ ಅನಿಸುತ್ತದೆ, ಆದರೆ ಆ 42 ಮೀಟರಿನಲ್ಲಿ ಒಂದು ಸರ್ಕಲ್, ನಾಲ್ಕು ಸೈಕಲ್, ಶಾಲೆ ಬಿಟ್ಟ ಮಕ್ಕಳು ಎಲ್ಲ ಇರುತ್ತಾರೆ. ಡಿವೈಡರ್ ಇಲ್ಲದ ತಿರುವಿನಲ್ಲಂತೂ ಐದು ಸೆಕೆಂಡ್ ಯಾಕೆ, ಎದುರು ಬರುವವನ ಲೇನಿಗೆ ನುಗ್ಗಲು ಎರಡೇ ಸಾಕು.

ಇನ್ನು ಹ್ಯಾಂಡ್ಸ್‌ಫ್ರೀ ಭಕ್ತರು. ಕೈ ಸ್ಟಿಯರಿಂಗ್ ಮೇಲೆ, ತಲೆ ಮೀಟಿಂಗಿನಲ್ಲಿ. ಪಕ್ಕದಲ್ಲಿ ಕೂತವರಾದರೆ ಟ್ರಾಫಿಕ್ ನೋಡಿ ಮಾತು ನಿಲ್ಲಿಸುತ್ತಾರೆ. ಫೋನಿನಾಚೆಯ ಮ್ಯಾನೇಜರಿಗೆ ಏನು ಕಾಣುತ್ತದೆ? ಅವರು ಟಾರ್ಗೆಟ್ ಕೇಳುತ್ತಲೇ ಇರುತ್ತಾರೆ. ಫೋನ್ ಬಳಸುತ್ತಾ ಓಡಿಸಿದರೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ಕೆನಡಾದ ಅಧ್ಯಯನವೊಂದು 1997ರಲ್ಲೇ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗಲೂ ಅದನ್ನೇ ಹೇಳುತ್ತಿದೆ, ಹ್ಯಾಂಡ್ಸ್‌ಫ್ರೀಯಿಂದ ದೊಡ್ಡ ಲಾಭವೇನಿಲ್ಲ ಅಂತಲೂ ಸೇರಿಸುತ್ತಿದೆ. ಕೇಳುವವರು ಕಾಲ್‌ನಲ್ಲಿ ಬ್ಯುಸಿ.

ಸಾಕು ಮಾರಾಯ್ರೇ, ತಮಾಷೆ ಮಾಡಿ ಮಾಡಿ ಸುಸ್ತಾಯಿತು. ಸಾಯುವವರಲ್ಲಿ ಸುಮ್ನೆ ರಸ್ತೆ ದಾಟುತ್ತಿದ್ದವರೂ ಇದ್ದಾರೆ. ಅವರೇನು ಟಚ್‌ಸ್ಕ್ರೀನ್ ಕೇಳಿರಲಿಲ್ಲ. ಮರುದಿನ ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ಎರಡು ಸಾಲಿನ ಸುದ್ದಿ ಬರುತ್ತದೆ. ಆಗ ಬಂದಿದ್ದ ಮೆಸೇಜ್ ಏನು ಅಂತ ಯಾರೂ ಬರೆಯಲ್ಲ. ಬರೆದರೂ ನಾಚಿಕೆಗೇಡು. ಯಾವುದೋ ಗ್ರೂಪಿನ ಗುಡ್ ಮಾರ್ನಿಂಗ್ ಇರಬೇಕು.