ಬೋರ್ಡಿಗೆ ಹತ್ತಿದ ಉಂಬಳ

ಮಳೆಗಾಲದ ಮಲೆನಾಡಲ್ಲಿ ಗೊತ್ತೇ ಆಗದ ಹಾಗೆ ಹತ್ತಿಕೊಳ್ಳುವವು ಎರಡು. ಕಾಲಿಗೆ ಉಂಬಳ, ಹೋಮ್‌ಸ್ಟೇ ಬೋರ್ಡಿಗೆ ಕಾಮಾ. ಆಕಾರವೂ ಹೆಚ್ಚುಕಡಿಮೆ ಒಂದೇ. ಉಂಬಳಕ್ಕಾದರೆ ಸುಣ್ಣ, ಹೊಗೆಸೊಪ್ಪು ಉಂಟು.

ಹೊಳೆ ಬದಿಯ ಬೋರ್ಡು ಹೀಗಿರುತ್ತದೆ: ‘ಗೆಸ್ಟ್ಸ್, ಹೂ ಡ್ರಿಂಕ್, ಶುಡ್ ನಾಟ್ ಎಂಟರ್ ದಿ ರಿವರ್.’ ಕುಡಿಯುವವರು ಇಳಿಯಬಾರದು ಅನ್ನುವುದು ಮಾಲೀಕರ ಆಶಯ. ಆದರೆ ಆ ಎರಡು ಕಾಮಾ ಹೇಳುವುದೇ ಬೇರೆ: ನಮ್ಮಲ್ಲಿ ಬರುವವರೆಲ್ಲ ಕುಡುಕರು, ಯಾರೂ ಇಳಿಯಬೇಡಿ. ಕಡುಬು ತಿನ್ನಲು ಬಂದ ಅಜ್ಜಿಯೂ ಸೇರಿದಂತೆ! ಎರಡನ್ನೂ ಕಿತ್ತರೆ ಅಜ್ಜಿ ಬಚಾವು.

ಕನ್ನಡದಲ್ಲಿ ‘ಕುಡಿಯುವ’ ಅನ್ನುವುದು ಹೆಸರಿನ ಮುಂದೆಯೇ ಕೂರುತ್ತದೆ, ಕಾಮಾದ ಹಂಗಿಲ್ಲ. ಇಂಗ್ಲಿಷಿನಲ್ಲಿ ಅದು ಹೆಸರಿನ ಹಿಂದೆ ಜೋತುಬೀಳುತ್ತದೆ. ಎಲ್ಲರೋ ಕೆಲವರೋ ಎಂದು ಬರವಣಿಗೆಯಲ್ಲಿ ತಿಳಿಸುವ ಕೆಲಸ ಕಾಮಾದ್ದು. ‘ಹೂ’ದಿಂದ ಶುರುವಾಗುವ ತುಂಡನ್ನು ತೆಗೆದು ಓದಿ. ಯಾರೆಂದು ಆಗಲೂ ಸ್ಪಷ್ಟವಿದ್ದರೆ ಕಾಮಾ ಬೇಕು, ವಾಕ್ಯದ ನಡುವೆಯಾದರೆ ಎರಡೂ ಬದಿಗೆ. ಇಲ್ಲದಿದ್ದರೆ ಒಂದೂ ಬೇಡ. ಕಾಮಾ ಹಾಕಿದ ಕಡೆ ‘ದಟ್’ ಬರಕೂಡದು. ಅದರ ಬದಲು ‘ವಿಚ್’ ಅಥವಾ ‘ಹೂ’.

ಬೇಕಾದ ಕಡೆ ಮಾತ್ರ ಕಾಮಾಕ್ಕೆ ಬರಗಾಲ. ಮದುವೆ ಬಯೋಡೇಟಾದಲ್ಲಿ ‘ಅವರ್ ತೋಟ ವಿಚ್ ಈಸ್ ಇನ್ ಹೊಸನಗರ’ ಎಂದು ಕಾಮಾ ಇಲ್ಲದೆ ಬರೆದರೆ, ಬೇರೆ ಕಡೆಯೂ ತೋಟವಿದೆ ಎಂದಾಯಿತು. ಹೆಣ್ಣಿನ ಕಡೆಯವರು ಅದರ ಪಹಣಿಯನ್ನೂ ಕೇಳಿದರೆ ತಪ್ಪು ಅವರದ್ದಲ್ಲ. ‘ಮೈ ವೈಫ್ ಹೂ’ ಎಂದು ಕಾಮಾ ಬಿಟ್ಟು ಬರೆಯುವ ಗಂಡಸರ ಗತಿ ಬೇಡ.

ಇನ್ನು ‘ದಿ’. ತುಂಗೆ, ಶರಾವತಿ, ವೆಸ್ಟರ್ನ್ ಘಾಟ್ಸ್‌ಗೆ ಬೇಕು. ಆಗುಂಬೆಗೆ, ಜೋಗ್ ಫಾಲ್ಸ್‌ಗೆ ಬೇಡ. 2014ರ ನವೆಂಬರ್ 1ರಂದು ಶಿಮೊಗ ಇಂಗ್ಲಿಷಿನಲ್ಲೂ ಶಿವಮೊಗ್ಗ ಆದಾಗ ಊರಿಗೆ ‘ವ’ ಸಿಕ್ಕಿತು, ‘ದಿ’ ಸಿಗಲಿಲ್ಲ. ‘ಹೂ’ ಬಂದಲ್ಲೆಲ್ಲ ‘ದಿ’ ಇರಲೇಬೇಕೆಂಬ ನಂಬಿಕೆಯೂ ಇದೆ. ‘ಎ ಗೆಸ್ಟ್ ಹೂ ಬ್ರೇಕ್ಸ್ ಎ ಚೇರ್ ಮಸ್ಟ್ ಪೇ’ ಎಂದರೆ ಯಾರೇ ಮುರಿದರೂ ದಂಡ. ‘ದಿ ಗೆಸ್ಟ್ ಹೂ ಬ್ರೋಕ್ ದಿ ಚೇರ್’ ಎಂದರೆ ಕುರ್ಚಿ ಮುರಿದಾಗಿದೆ, ಆಸಾಮಿ ಯಾರೆಂದೂ ಗೊತ್ತಾಗಿದೆ, ಇನ್ನು ವಸೂಲಿಯೊಂದೇ ಬಾಕಿ.

‘ಕುಡಿದವರು ಹೊಳೆಗೆ ಇಳಿಯಬಾರದು.’ ಮೂರೇ ಪದ, ಕಾಮಾ ಇಲ್ಲ, ‘ದಿ’ ಇಲ್ಲ. ಬರೆಸೋಣವೆಂದರೆ ಬೋರ್ಡಿನಲ್ಲಿ ಜಾಗ ಉಳಿದಿಲ್ಲ.