ಸ್ಪಷ್ಟನೆ: ‘ಕುಂಗ್ ಫೂ ಹಸಲ್’ಗೆ ವಿಮರ್ಶಕರು ಉಗಿದಿರಲಿಲ್ಲ

ಕಲಬುರಗಿಯ ಸಿನಿಮಾ ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಕುಂಗ್ ಫೂ ಹಸಲ್ ಜಾಕಿ ಚಾನ್ ಸಿನಿಮಾ. ವಿಮರ್ಶಕರೆಲ್ಲ ಉಗಿದಿದ್ದರು, ಟಿವಿಗೆ ಬಂದ ಮೇಲೇ ಹಿಟ್ ಆಯ್ತು’ ಅಂತ. ಇದರಲ್ಲಿ ಒಂದೂ ನಿಜವಲ್ಲ.

ಜಾಕಿ ಚಾನ್ ಅದರಲ್ಲಿ ಇಲ್ಲವೇ ಇಲ್ಲ. 2004ರ ಈ ಸಿನಿಮಾದ ನಿರ್ದೇಶಕ, ನಾಯಕ ಎರಡೂ ಸ್ಟೀಫನ್ ಚೌ. ಹಾಂಗ್ ಕಾಂಗ್ ಥಿಯೇಟರ್‌ಗಳಲ್ಲೇ ಅದು ಭರ್ಜರಿ ದುಡ್ಡು ಮಾಡಿತ್ತು. ವಿಮರ್ಶಕರಲ್ಲೂ ಹೆಚ್ಚಿನವರು ಮೆಚ್ಚಿಯೇ ಬರೆದರು. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು. 2005ರ ಹಾಂಗ್ ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚಿತ್ರ ಇದೇ. ಅಮೆರಿಕದ ಗೋಲ್ಡನ್ ಗ್ಲೋಬ್, ಬ್ರಿಟನ್ನಿನ ಬಾಫ್ಟಾ ಎರಡೂ ಪ್ರಶಸ್ತಿಗಳಿಗೆ ನಾಮನಿರ್ದೇಶನ ಆಗಿತ್ತು.

ತಲೆತುಂಬ ಕರ್ಲರ್, ಬಾಯಲ್ಲಿ ಸಿಗರೇಟು, ಮೈಮೇಲೆ ನೈಟಿ. ಸಿನಿಮಾದ ಆ ಮನೆ ಓನರಮ್ಮ ನೆನಪಿದ್ದಾಳಲ್ವಾ? ಒಂದು ಸಲ ಕೂಗಿದರೆ ಎದುರಿಗಿದ್ದವರು ತತ್ತರಿಸಿ ಹೋಗ್ತಾರೆ. ಆ ಪಾತ್ರಕ್ಕೆ ಯುಯೆನ್ ಚಿಯು ಅವರಿಗೆ ತೈವಾನ್‌ನ ಗೋಲ್ಡನ್ ಹಾರ್ಸ್ ಪ್ರಶಸ್ತಿ ಬಂತು. ಗಂಡನಾಗಿ ನಟಿಸಿದ ಯುಯೆನ್ ವಾ ಸಾಮಾನ್ಯದವರಲ್ಲ, ಹಿಂದೆ ಬ್ರೂಸ್ ಲೀಗೆ ಡ್ಯೂಪ್ ಆಗಿದ್ದವರು!

ಕಥೆ ತೆಳು, ಪಾತ್ರಗಳಲ್ಲಿ ಆಳವಿಲ್ಲ ಎಂದು ಕೆಲವರು ಬರೆದಿದ್ದು ಹೌದು. ನನಗೂ ನಾಯಕನ ಪ್ರೇಮಕಥೆ ಸಪ್ಪೆ ಅನಿಸಿದೆ. ಆದರೆ ಅಷ್ಟಕ್ಕೇ ‘ಎಲ್ಲರೂ ಉಗಿದರು’ ಅನ್ನೋದು ಸುಮ್ನೆ ಬಾಯಿಗೆ ಬಂದ ಮಾತು.